ಬೀಜಿಂಗ್ 2008, ಮಹಿಳೆಯರ 4×100 ಮೀಟರ್ ರಿಲೇ: ಬ್ರೆಜಿಲ್‌ನ ಹದಿನೇಳರ ಹುಡುಗಿಗೆ ಕಂಚು ಬಂದದ್ದು ಹೇಗೆ?

ಪ್ರಶ್ನೆ – ಶರಾವತಿ ಮೇಷ್ಟರು

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರದ ರಸಪ್ರಶ್ನೆಗೆ ಪ್ರಶ್ನೆಗಳನ್ನು ಸಿದ್ಧಪಡಿಸುವ ಕೆಲಸವೂ ನನ್ನದೇ. ಕಳೆದ ವಾರ 2008ರ ಒಲಿಂಪಿಕ್ಸ್‌ನ ಮಹಿಳೆಯರ 4×100 ರಿಲೇ ಪದಕಗಳ ಬಗ್ಗೆ ಕೇಳಿದ್ದೆ. ಗ್ರಂಥಾಲಯದಲ್ಲಿರುವ ಹಳೆಯ ವರ್ಷಪುಸ್ತಕದ ಪ್ರಕಾರ ರಷ್ಯಾಕ್ಕೆ ಚಿನ್ನ, ಬೆಲ್ಜಿಯಂಗೆ ಬೆಳ್ಳಿ, ನೈಜೀರಿಯಾಕ್ಕೆ ಕಂಚು. ಒಂದು ತಂಡ ಅದೇ ಉತ್ತರ ಕೊಟ್ಟಿತು. ಇನ್ನೊಂದು ತಂಡದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿ ಎದ್ದು ನಿಂತು, 'ಚಿನ್ನ ಬೆಲ್ಜಿಯಂಗೆ, ಕಂಚು ಬ್ರೆಜಿಲ್‌ಗೆ ಸರ್. ಬ್ರೆಜಿಲ್‌ನ ಕೊನೆಯ ಓಟಗಾರ್ತಿಗೆ ಆಗ ಹದಿನೇಳೇ ವರ್ಷ' ಎಂದಳು. ಅಂಕವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಈ ಹುಡುಗಿ ನಮ್ಮ ಶಾಲೆಯ ರಿಲೇ ತಂಡದಲ್ಲಿ ಕೊನೆಯ ನೂರು ಮೀಟರ್ ಓಡುವವಳು. ಆ ಬ್ರೆಜಿಲ್ ಓಟಗಾರ್ತಿಯ ಹೆಸರು ರೊಸಾಂಜೆಲಾ ಸಾಂಟೋಸ್ ಎಂಬುದಷ್ಟೇ ಅವಳಿಗೆ ಗೊತ್ತು. ಮುಂದೆ ಆಕೆ ಏನಾದರು, ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಲ್ಲಿಗೆ ಹೇಗೆ ಮುಟ್ಟಿದರು ಎಂದು ದಿನವೂ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೇಳುತ್ತಿದ್ದಾಳೆ. ನಾನು ಓಟದ ಮನುಷ್ಯನಲ್ಲ. ಗೊತ್ತಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ – ಕೊನೆಯ ತಿರುವು

ಮೇಷ್ಟರೇ, ಮೊದಲು ಆ ಹುಡುಗಿಯ ತಂಡಕ್ಕೆ ಅಂಕ ಕೊಟ್ಟುಬಿಡಿ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಹಳೆಯ ವರ್ಷಪುಸ್ತಕ ಅಚ್ಚಾದ ಕಾಲಕ್ಕೆ ಅದರಲ್ಲಿದ್ದದ್ದೂ ಸರಿಯಾಗಿಯೇ ಇತ್ತು. ನಡುವೆ ಪದಕಗಳು ಕೈ ಬದಲಾಯಿಸಿವೆ.

ನಾನು ಹಾಸನದ ಕಡೆಯವಳು, ನಿವೃತ್ತ ದೈಹಿಕ ಶಿಕ್ಷಕಿ. ಕಾಲೇಜಿನ ದಿನಗಳಲ್ಲಿ ವಿಶ್ವವಿದ್ಯಾಲಯದ ರಿಲೇ ತಂಡಕ್ಕೆ ಮೂರನೆಯ ನೂರು ಮೀಟರ್, ಅಂದರೆ ಎರಡನೆಯ ತಿರುವು ಓಡುತ್ತಿದ್ದೆ. ಆದ್ದರಿಂದ ಈ ವಿಷಯದಲ್ಲಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ರೊಸಾಂಜೆಲಾ ಹುಟ್ಟಿದ್ದು 1990ರ ಡಿಸೆಂಬರ್ 20ರಂದು, ಅಮೆರಿಕದ ವಾಷಿಂಗ್ಟನ್‌ನಲ್ಲಿ. ತಂದೆತಾಯಿ ಬ್ರೆಜಿಲ್‌ನವರು, ಬೆಳೆದದ್ದು ರಿಯೊ ಡಿ ಜನೈರೊದಲ್ಲಿ. ಬೀಜಿಂಗ್‌ನ ಫೈನಲ್ ನಡೆದದ್ದು 2008ರ ಆಗಸ್ಟ್ 22ರಂದು. ಹದಿನೆಂಟು ತುಂಬಲು ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು.

ಆ ತಂಡವನ್ನು ಒಮ್ಮೆ ನೋಡಿ. ಮೊದಲು ರೊಸೆಮಾರ್ ಕೊಯೆಲ್ಯೊ ನೆಟೊ, ವಯಸ್ಸು 31. ಎರಡನೆಯವರು ಲುಸಿಮಾರ್ ಡಿ ಮೌರಾ, 34. ಮೂರನೆಯವರು ಥಾಯಿಸಾ ಪ್ರೆಸ್ತಿ, 22. ಕೊನೆಗೆ ಈ ಹದಿನೇಳರ ಹುಡುಗಿ. ಲುಸಿಮಾರ್ 1999ರಲ್ಲೇ ನೂರು ಮೀಟರನ್ನು 11.17 ಸೆಕೆಂಡುಗಳಲ್ಲಿ ಓಡಿ ದಕ್ಷಿಣ ಅಮೆರಿಕದ ದಾಖಲೆ ಬರೆದಿದ್ದರು. ಆಗ ರೊಸಾಂಜೆಲಾಗೆ ಎಂಟು ವರ್ಷ. ದಾಖಲೆ ಬರೆದ ಅಕ್ಕನೂ ಎಸ್ಸೆಸ್ಸೆಲ್ಸಿ ಮುಗಿಸುವ ವಯಸ್ಸನ್ನು ಆಗಷ್ಟೇ ದಾಟಿದ ತಂಗಿಯೂ ಒಂದೇ ಕೋಲನ್ನು, ಅಂದರೆ ಬ್ಯಾಟನ್ನನ್ನು, ಹಿಡಿದು ಓಡಿದ ತಂಡ ಅದು. ಎಳೆಯ ವೇಗದ ಓಟಗಾರ್ತಿಗೆ ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಬಿಡಿ ಓಟದಲ್ಲಿ ಆ ವಯಸ್ಸಿನ ಹುಡುಗಿ ಒಲಿಂಪಿಕ್ಸ್‌ಗೆ ಹೋದರೆ ಹೆಚ್ಚಾಗಿ ಮೊದಲ ಸುತ್ತಿನಲ್ಲೇ ಹೊರಬಿದ್ದು, ಬಸ್ಸು ಹತ್ತಿ ವಾಪಸು ಬರುತ್ತಾಳೆ. ರಿಲೇಯಲ್ಲಾದರೆ ಅವಳ ಭಯವನ್ನು ನಾಲ್ವರು ಹಂಚಿಕೊಳ್ಳುತ್ತಾರೆ.

ಇನ್ನು ಓಟಕ್ಕೆ ಬರೋಣ. ಮೊದಲ ಸುತ್ತಿನಲ್ಲೇ ಅಮೆರಿಕದ ತಂಡ ಕೊನೆಯ ಬದಲಾವಣೆಯಲ್ಲಿ, ಅಂದರೆ ಮೂರನೆಯವಳ ಕೈಯಿಂದ ನಾಲ್ಕನೆಯವಳ ಕೈಗೆ ಕೊಡುವಾಗ, ಬ್ಯಾಟನ್ ಕೆಡವಿಕೊಂಡು ಹೊರಗೆ ಹೋಗಿತ್ತು. ಫೈನಲ್‌ನಲ್ಲಿ ಜಮೈಕಾದವರೇ ಗೆಲ್ಲುತ್ತಾರೆ ಎಂದು ಎಲ್ಲರೂ ನಂಬಿದ್ದರು. ನೂರು ಮೀಟರಿನ ಮೂರೂ ಪದಕಗಳನ್ನು ಗೆದ್ದುಕೊಂಡವರು ಅವರು. ಆದರೆ ಶೆರೊನ್ ಸಿಂಪ್ಸನ್ ಮತ್ತು ಕೆರನ್ ಸ್ಟುವರ್ಟ್ ನಡುವೆ ಬ್ಯಾಟನ್ ದಾಟಲಿಲ್ಲ. ಬ್ರಿಟನ್ನಿನ ತಂಡವೂ ಓಟ ಮುಗಿಸಲಿಲ್ಲ. ರಷ್ಯಾ 42.31, ಬೆಲ್ಜಿಯಂ 42.54, ನೈಜೀರಿಯಾ 43.04, ಬ್ರೆಜಿಲ್ 43.14.

ಕಂಚಿಗೂ ನಾಲ್ಕನೆಯ ಸ್ಥಾನಕ್ಕೂ 0.10 ಸೆಕೆಂಡಿನ ಅಂತರ. ಆ ವೇಗದಲ್ಲಿ ಅದು ಸುಮಾರು ಒಂದು ಮೀಟರ್. ಕೊನೆಯ ಓಟಗಾರ್ತಿಗೆ ಆ ಒಂದು ಮೀಟರ್ ಕಣ್ಣೆದುರಿಗೇ ಕಾಣುತ್ತದೆ. ಗೆರೆ ದಾಟುವುದು ತಾನೇ ಆದ್ದರಿಂದ ಸೋಲು ತನ್ನ ಕಾಲಿನದೇ ಎಂದು ಅನ್ನಿಸುತ್ತದೆ. ಮೊದಲ ಬದಲಾವಣೆಯಲ್ಲಿ ಕಳೆದುಹೋದ ಕಾಲವೂ ಅವಳ ಹೆಸರಿಗೇ ಬರೆದುಕೊಳ್ಳುತ್ತದೆ. ಹದಿನೇಳರ ಹೆಗಲಿಗೆ ಅದು ದೊಡ್ಡ ಹೊರೆ.

ಆ ದಿನ ಬ್ರೆಜಿಲ್‌ಗೆ ವಿಚಿತ್ರವಾದ ದಿನ. ಅದೇ ಸಂಜೆ ಅದೇ ಕ್ರೀಡಾಂಗಣದಲ್ಲಿ ಮೌರೆನ್ ಮಾಗಿ ಉದ್ದ ಜಿಗಿತದಲ್ಲಿ 7.04 ಮೀಟರ್ ಹಾರಿ, ಕೇವಲ ಒಂದು ಸೆಂಟಿಮೀಟರ್ ಅಂತರದಲ್ಲಿ ಚಿನ್ನ ಗೆದ್ದರು. ಅದೇ ಸಂಜೆ ಬ್ರೆಜಿಲ್‌ನ ಪುರುಷರ ರಿಲೇ ತಂಡವೂ 38.24 ಸೆಕೆಂಡುಗಳಲ್ಲಿ ನಾಲ್ಕನೆಯದಾಯಿತು. ಕಂಚು ಪಡೆದ ಜಪಾನ್ 38.15. ಹೆಣ್ಣುಮಕ್ಕಳಿಗೆ ಹತ್ತು ಶತಾಂಶ, ಗಂಡುಮಕ್ಕಳಿಗೆ ಒಂಬತ್ತು ಶತಾಂಶ. ಎರಡೂ ತಂಡ ಬರಿಗೈಯಲ್ಲಿ ಮನೆಗೆ ಹೋದವು.

ಆಮೇಲೆ ಎಂಟು ವರ್ಷ. ಒಲಿಂಪಿಕ್ಸ್‌ನಲ್ಲಿ ತೆಗೆದ ಮೂತ್ರದ ಮಾದರಿಗಳನ್ನು ಶೈತ್ಯಾಗಾರದಲ್ಲಿ ಇಟ್ಟಿರುತ್ತಾರೆ. ಪರೀಕ್ಷೆಯ ವಿಧಾನಗಳು ಸೂಕ್ಷ್ಮವಾದಂತೆ ಮತ್ತೆ ತೆಗೆದು ನೋಡುತ್ತಾರೆ. ಆಗಿನ ನಿಯಮದಂತೆ ಅದಕ್ಕೆ ಎಂಟು ವರ್ಷಗಳ ಅವಧಿ ಇತ್ತು, ಈಗ ಹತ್ತು. ಅವಧಿ ಮುಗಿಯುವ ಹೊತ್ತಿನಲ್ಲಿ ನಡೆಸಿದ ಮರುಪರೀಕ್ಷೆಯಲ್ಲಿ ರಷ್ಯಾದ ಯೂಲಿಯಾ ಚೆರ್ಮೊಶಾನ್‌ಸ್ಕಯಾ ಅವರ ಮಾದರಿಯಲ್ಲಿ ಸ್ಟನೊಜೊಲಾಲ್ ಮತ್ತು ಟುರಿನಬಾಲ್ ಎಂಬ ಎರಡು ಉದ್ದೀಪನ ಮದ್ದುಗಳು ಸಿಕ್ಕವು. ರಷ್ಯಾ ಅನರ್ಹವಾಯಿತು. ಬೆಲ್ಜಿಯಂಗೆ ಚಿನ್ನ, ನೈಜೀರಿಯಾಕ್ಕೆ ಬೆಳ್ಳಿ, ಬ್ರೆಜಿಲ್‌ಗೆ ಕಂಚು.

ಒಂದು ಮಾತು ಹೇಳಲೇಬೇಕು. ಚೆರ್ಮೊಶಾನ್‌ಸ್ಕಯಾ ಓಡಿದ್ದೂ ಕೊನೆಯ ನೂರು ಮೀಟರನ್ನೇ. ರೊಸಾಂಜೆಲಾ ನೇರ ಹಾದಿಯಲ್ಲಿ ತಲೆ ಎತ್ತಿದಾಗ ಎಲ್ಲರಿಗಿಂತ ಮುಂದೆ ಕಂಡ ಬೆನ್ನು ಅದು. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಪದಕ ಕೊನೆಗೂ ಬಂತು, ನಿಜ. ತುಂಬಿದ ಕ್ರೀಡಾಂಗಣದಲ್ಲಿ ಮೂವರು ಅಕ್ಕಂದಿರ ಪಕ್ಕ ವೇದಿಕೆಯ ಮೇಲೆ ನಿಲ್ಲುವ ಹದಿನೇಳರ ಆ ಸಂಜೆಯನ್ನು ಯಾವ ಸಮಿತಿಯೂ ವಾಪಸು ಕೊಡಲಾರದು.

ಉತ್ತರ – ಸ್ಟಾಪ್‌ವಾಚ್

ಮೇಡಂ, ಬರೆದದ್ದು ಚೆನ್ನಾಗಿದೆ. ಆದರೂ ನನ್ನದೊಂದು ತಕರಾರು. ಅಮೆರಿಕ ಬ್ಯಾಟನ್ ಕೆಡವಿತು, ಜಮೈಕಾ ಓಟ ಮುಗಿಸಲಿಲ್ಲ, ಬ್ರಿಟನ್ ಮುಗಿಸಲಿಲ್ಲ, ರಷ್ಯಾ ಅನರ್ಹ. ಇಷ್ಟೆಲ್ಲ ಆದ ಮೇಲೆ ಬಂದ ಕಂಚನ್ನು ಪ್ರತಿಭೆಯ ಲೆಕ್ಕಕ್ಕೆ ಹಾಕಬಹುದೇ? ಚಿಕ್ಕ ವಯಸ್ಸಿನ ನಿಜವಾದ ಪ್ರತಿಭೆ ಬೇಕಾದರೆ ಇಕ್ವೆಡಾರ್‌ನ ಆಂಜೆಲಾ ಟೆನೊರಿಯೊ ಅವರನ್ನು ನೋಡಿ. 1996ರ ಜನವರಿಯಲ್ಲಿ ಹುಟ್ಟಿದವರು. 2014ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಕೂಟದ ನೂರು ಮೀಟರಿನಲ್ಲಿ ಡೈನಾ ಆಶರ್-ಸ್ಮಿತ್ ನಂತರ ಬೆಳ್ಳಿ. ಮರುವರ್ಷ ಟೊರಾಂಟೊದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ 10.99 ಓಡಿ ಮತ್ತೆ ಬೆಳ್ಳಿ. ಆಗ ವಯಸ್ಸು ಹತ್ತೊಂಬತ್ತು. ದಕ್ಷಿಣ ಅಮೆರಿಕದ ಮಹಿಳೆಯೊಬ್ಬರು ಹನ್ನೊಂದು ಸೆಕೆಂಡಿನೊಳಗೆ ಓಡಿದ್ದು ಅದೇ ಮೊದಲು. ಮೇಷ್ಟರ ಶಾಲೆಯ ಹುಡುಗಿಗೆ ಈ ಉದಾಹರಣೆ ಕೊಡುವುದೇ ಸೂಕ್ತ ಎಂದು ನನ್ನ ಅಭಿಪ್ರಾಯ.

ಉತ್ತರ – ಕೊನೆಯ ತಿರುವು

ಟೆನೊರಿಯೊ ಅವರ ಬಗ್ಗೆ ನನಗೂ ಗೌರವವಿದೆ. ಹತ್ತೊಂಬತ್ತರಲ್ಲಿ 10.99 ಓಡುವುದು ಸಣ್ಣ ಮಾತಲ್ಲ. ಆದರೆ 'ಅದೃಷ್ಟ' ಎಂಬ ಧಾಟಿಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ರಿಲೇಯಲ್ಲಿ ಗಡಿಯಾರ ನೋಡುವುದು ಬ್ಯಾಟನ್ನಿನ ಓಟವನ್ನು. 43.14ನ್ನು ನಾಲ್ಕರಿಂದ ಭಾಗಿಸಿ ನೋಡಿ, ಒಬ್ಬೊಬ್ಬರಿಗೆ 10.79ರಷ್ಟು ಬರುತ್ತದೆ. ಆ ನಾಲ್ವರಲ್ಲಿ ಯಾರೂ ಅಂದಿನವರೆಗೆ ಬಿಡಿ ಓಟದಲ್ಲಿ ಹನ್ನೊಂದರೊಳಗೆ ಓಡಿದವರಲ್ಲ. ಈ ವೇಗ ಎಲ್ಲಿಂದ ಬಂತು? ಮೊದಲನೆಯವರನ್ನು ಬಿಟ್ಟು ಉಳಿದ ಮೂವರೂ ನಿಂತ ನಿಲುವಿನಿಂದ ಓಡುವುದಿಲ್ಲ, ಓಡುತ್ತಲೇ ಬ್ಯಾಟನ್ ಪಡೆಯುತ್ತಾರೆ. ಆಗಿನ ನಿಯಮದಲ್ಲಿ ವೇಗ ಹೆಚ್ಚಿಸಿಕೊಳ್ಳಲು ಹತ್ತು ಮೀಟರ್, ಕೈ ಬದಲಾಯಿಸಲು ಇಪ್ಪತ್ತು ಮೀಟರ್. ಈಗ ಎರಡನ್ನೂ ಸೇರಿಸಿ ಮೂವತ್ತು ಮೀಟರಿನ ಒಂದೇ ವಲಯ ಮಾಡಿದ್ದಾರೆ. ಆ ಜಾಗದಲ್ಲಿ ಮುಂದಿನವಳು ಹಿಂದಿರುಗಿ ನೋಡದೆ, ಪೂರ್ತಿ ವೇಗದಲ್ಲಿ, ಕೈಯನ್ನು ಹಿಂದಕ್ಕೆ ಚಾಚಬೇಕು. ಜಮೈಕಾದವರ ಕಾಲುಗಳು ಖಂಡಿತ ಹೆಚ್ಚು ವೇಗದವು. ಆದರೆ ಆ ಸಂಜೆ ಬ್ಯಾಟನ್ನನ್ನು ನಾಲ್ಕು ಕೈಗಳಲ್ಲಿ ಸುತ್ತಿಸಿ ಗೆರೆ ದಾಟಿಸಿದವರಲ್ಲಿ ಬ್ರೆಜಿಲ್ ಒಂದು. ಅದೇ ಆ ಸ್ಪರ್ಧೆ. ಕೆಡವಿದವರ ಸೋಲು ಕೆಡವದವರ ಅದೃಷ್ಟವಾಗುವುದಿಲ್ಲ. ರಷ್ಯಾದ ವಿಷಯದಲ್ಲಂತೂ 'ಅದೃಷ್ಟ' ಎಂಬ ಪದವೇ ಅನ್ಯಾಯ. ಕಳುವಾದ ವಸ್ತು ಎಂಟು ವರ್ಷಗಳ ನಂತರ ಸಿಕ್ಕಿತು ಅಷ್ಟೇ.

ಬ್ಯಾಟನ್ ಎಷ್ಟು ನಿರ್ದಯ ಎಂಬುದನ್ನು ರೊಸಾಂಜೆಲಾ ಮುಂದೆ ಚೆನ್ನಾಗಿಯೇ ಕಂಡರು. 2013ರ ಮಾಸ್ಕೊ ವಿಶ್ವ ಚಾಂಪಿಯನ್‌ಷಿಪ್‌ನ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಅವರಿದ್ದ ತಂಡ 42.29 ಓಡಿ ದಕ್ಷಿಣ ಅಮೆರಿಕದ ದಾಖಲೆ ಮಾಡಿತು. ಫೈನಲ್‌ನಲ್ಲಿ ಅವರ ಸ್ಥಾನಕ್ಕೆ ವಾಂಡಾ ಗೋಮೆಸ್ ಬಂದರು. ಪದಕದ ಹಾದಿಯಲ್ಲಿದ್ದಾಗ ಕೊನೆಯ ಬದಲಾವಣೆಯಲ್ಲಿ ಬ್ಯಾಟನ್ ನೆಲಕ್ಕೆ ಬಿತ್ತು.

2016ರ ಆಗಸ್ಟ್ ಇನ್ನೂ ಕಠೋರ. ಒಲಿಂಪಿಕ್ಸ್ ಅವರದೇ ಊರಾದ ರಿಯೊದಲ್ಲಿ. ಬೀಜಿಂಗ್‌ನ ರಷ್ಯಾ ತಂಡ ಅನರ್ಹವಾದ ಸುದ್ದಿ ಬಂದದ್ದು ಆ ಕೂಟ ನಡೆಯುತ್ತಿದ್ದಾಗಲೇ, ಆಗಸ್ಟ್ 16ರಂದು. ಎರಡು ದಿನ ಬಿಟ್ಟು, 18ರಂದು, ರಿಲೇಯ ಹೀಟ್ಸ್. ಬದಲಾವಣೆಯ ಜಾಗದಲ್ಲಿ ಬ್ರೆಜಿಲ್‌ನ ಓಟಗಾರ್ತಿ ಪಕ್ಕದ ಲೇನಿನ ಆಲಿಸನ್ ಫೀಲಿಕ್ಸ್‌ಗೆ ತಗುಲಿದರು, ಅಮೆರಿಕದ ಬ್ಯಾಟನ್ ಬಿತ್ತು. ದೂರಿನ ಮೇಲೆ ಬ್ರೆಜಿಲ್ ಅನರ್ಹವಾಯಿತು. ಅಮೆರಿಕದವರನ್ನು ಒಂಟಿಯಾಗಿ ಮತ್ತೆ ಓಡಿಸಿದರು, ಮುಂದೆ ಅವರೇ ಚಿನ್ನ ಗೆದ್ದರು. ಒಂದು ಕೈಗೆ ಎಂಟು ವರ್ಷ ಹಳೆಯ ಕಂಚು ಬಂದ ವಾರದಲ್ಲೇ ಇನ್ನೊಂದು ಕೈಯಿಂದ ತವರಿನ ಫೈನಲ್ ಜಾರಿತು.

ಬಿಡಿ ಓಟದ ಮಾತಿಗೆ ಬಂದರೆ, 2011ರಲ್ಲಿ ಗ್ವಾಡಲಹಾರದ ಪ್ಯಾನ್ ಅಮೆರಿಕನ್ ಕೂಟದ ನೂರು ಮೀಟರನ್ನು 11.22ರಲ್ಲಿ ಗೆದ್ದಾಗ ರೊಸಾಂಜೆಲಾಗೆ ಇಪ್ಪತ್ತು ವರ್ಷ. 1983ರಲ್ಲಿ ಕ್ಯಾರಕಾಸ್‌ನಲ್ಲಿ ಎಸ್ಮೆರಾಲ್ಡಾ ಗಾರ್ಸಿಯಾ ಗೆದ್ದ ಮೇಲೆ ಬ್ರೆಜಿಲ್‌ನ ಹೆಣ್ಣುಮಗಳಿಗೆ ಆ ಚಿನ್ನ ಸಿಕ್ಕಿರಲಿಲ್ಲ. ಅದೇ ಕೂಟದಲ್ಲಿ ರಿಲೇ ಚಿನ್ನವೂ ಬಂತು. 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ವರೆಗೆ ಹೋದರು. 2017ರ ಆಗಸ್ಟ್ 6ರಂದು, ಅದೇ ಲಂಡನ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ 10.91 ಓಡಿದರು. ಟೆನೊರಿಯೊ ಅವರ ದಾಖಲೆ ಅಳಿಯಿತು. ಫೈನಲ್‌ನಲ್ಲಿ ಏಳನೆಯವರಾದರು.

ಬೀಜಿಂಗ್‌ನ ಹುಡುಗಿಗೆ ತನ್ನ ಅತ್ಯುತ್ತಮ ಓಟ ದೊರಕಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂಬತ್ತು ವರ್ಷಗಳ ಬಳಿಕ. ಟೆನೊರಿಯೊಗೆ ಅದು ಹತ್ತೊಂಬತ್ತರಲ್ಲೇ ದೊರಕಿತು. ಯಾರು ಹೆಚ್ಚು, ಯಾರು ಕಡಿಮೆ ಎಂದು ತೂಗಲು ನಾನು ಹೊರಟಿಲ್ಲ. ಹದಿನಾಲ್ಕರ ಹುಡುಗಿಯ ಎದುರಿಗೆ ಯಾವ ಕಥೆ ಇಡಬೇಕು ಎಂದು ಕೇಳಿದರೆ ಮೊದಲನೆಯದನ್ನು ಇಡುತ್ತೇನೆ. ನಮ್ಮಲ್ಲಿ ಹದಿನೇಳಕ್ಕೆ ಪದಕ ಬರದಿದ್ದರೆ 'ಇನ್ನು ಸಾಕು, ಪಿಯುಸಿ ನೋಡಿಕೋ' ಎಂದು ಸ್ಪೈಕ್ಸ್ ಬಿಚ್ಚಿಸುವ ಮನೆಗಳನ್ನು ಸೇವೆಯುದ್ದಕ್ಕೂ ನೋಡಿದ್ದೇನೆ. ಎಷ್ಟೋ ಹುಡುಗಿಯರ ಅತ್ಯುತ್ತಮ ಓಟ ಯಾರೂ ಅಳೆಯದೆಯೇ ಉಳಿದುಹೋಗಿದೆ.

ಉತ್ತರ – ಪಣಂಬೂರು ಗಾಳಿ

ಪದಕ ತಡವಾಗಿ ಕೈ ಬದಲಾಯಿಸಿದ ಪ್ರಸಂಗ ನಮ್ಮವರಿಗೂ ಆಗಿದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಮಿಶ್ರ 4×400 ರಿಲೇಯಲ್ಲಿ ಭಾರತ 3 ನಿಮಿಷ 15.71 ಸೆಕೆಂಡುಗಳಲ್ಲಿ ಓಡಿ ಬಹ್ರೇನ್ ಹಿಂದೆ ಬೆಳ್ಳಿ ಪಡೆದಿತ್ತು. ಮುಹಮ್ಮದ್ ಅನಾಸ್, ನಮ್ಮ ಮಂಗಳೂರಿನ ಎಂ. ಆರ್. ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್ ಆ ತಂಡದಲ್ಲಿದ್ದರು. ಬಹ್ರೇನ್‌ನ ಕೆಮಿ ಅಡೆಕೊಯ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದರಿಂದ 2020ರಲ್ಲಿ ಅದು ಚಿನ್ನವಾಯಿತು. ಅಡೆಕೊಯ ಗೆದ್ದಿದ್ದ 400 ಮೀಟರ್ ಹರ್ಡಲ್ಸ್ ಚಿನ್ನವೂ ಹೋದ ಕಾರಣ, ನಾಲ್ಕನೆಯವರಾಗಿದ್ದ ನಮ್ಮ ಅನು ರಾಘವನ್‌ಗೆ ಕಂಚು ಬಂತು. ಮೇಷ್ಟರೇ, ಇದನ್ನೂ ರಸಪ್ರಶ್ನೆಗೆ ಸೇರಿಸಿಕೊಳ್ಳಬಹುದು.

ಇನ್ನೊಂದು, ಮೇಲೆ ಹೇಳಿದ ಬ್ರೆಜಿಲ್ ಪುರುಷರ ತಂಡಕ್ಕೂ ಅದೇ ಬೀಜಿಂಗ್‌ನ ಕಂಚು ಬಂದಿದೆ. ಜಮೈಕಾದ ನೆಸ್ಟಾ ಕಾರ್ಟರ್ ಮರುಪರೀಕ್ಷೆಯಲ್ಲಿ ಸಿಕ್ಕಿಬಿದ್ದು 2017ರಲ್ಲಿ ಜಮೈಕಾ ಚಿನ್ನ ಕಳೆದುಕೊಂಡಿತು. ಉಸೇನ್ ಬೋಲ್ಟ್ ಅವರ ಒಂದು ಒಲಿಂಪಿಕ್ ಚಿನ್ನ ಹೋದದ್ದು ಅದರಿಂದಲೇ. ಆ ಒಂದೇ ಸಂಜೆಯ ಎರಡು ನಾಲ್ಕನೆಯ ಸ್ಥಾನಗಳು ಎರಡು ಕಂಚುಗಳಾದವು.

ಉತ್ತರ – ಶರಾವತಿ ಮೇಷ್ಟರು

ಎಲ್ಲರಿಗೂ ಧನ್ಯವಾದ. ಅಂಕ ಕೊಟ್ಟಾಯಿತು. ಹಳೆಯ ವರ್ಷಪುಸ್ತಕದ ಆ ಪುಟಕ್ಕೆ ಈಗಿನ ಫಲಿತಾಂಶ ಬರೆದ ಚೀಟಿ ಅಂಟಿಸಿದ್ದೇನೆ. ಮೇಡಂ ಬರೆದದ್ದನ್ನು ಹುಡುಗಿಗೆ ಪೂರ್ತಿ ಓದಿ ಹೇಳಿದೆ. ಅವಳದು ಈಗ ಹೊಸ ಪ್ರಶ್ನೆ: ಮೂರನೆಯ ಓಟಗಾರ್ತಿ ತನ್ನ ಹತ್ತಿರ ಬರುವಾಗ ಯಾವಾಗ ಓಟ ಶುರು ಮಾಡಬೇಕು? ನಮ್ಮದು ಮಣ್ಣಿನ ಮೈದಾನ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆ. ಹಿಂದಿನ ಕೂಟದಲ್ಲಿ ನಿಂತಲ್ಲೇ ನಿಂತು ಬ್ಯಾಟನ್ ತೆಗೆದುಕೊಂಡಿದ್ದಳಂತೆ.

ಉತ್ತರ – ಕೊನೆಯ ತಿರುವು

ಈ ಪ್ರಶ್ನೆ ಕೇಳುವ ಹುಡುಗಿ ಖಂಡಿತ ಓಡುತ್ತಾಳೆ.

ಹೀಗೆ ಮಾಡಿಸಿ. ಬದಲಾವಣೆಯ ಜಾಗದ ಶುರುವನ್ನೂ ಕೊನೆಯನ್ನೂ ಸುಣ್ಣದ ಪುಡಿಯಿಂದ ಗುರುತಿಸಿ. ಅವಳು ಶುರುವಿನ ಗೆರೆಯೊಳಗೆ ನಿಲ್ಲಲಿ. ಅಲ್ಲಿಂದ ಹಿಂದಕ್ಕೆ, ಮೂರನೆಯ ಹುಡುಗಿ ಬರುವ ಕಡೆಗೆ, ಅವಳ ಪಾದದ ಅಳತೆಯಲ್ಲಿ ಇಪ್ಪತ್ತು ಪಾದ ಅಳೆದು ಒಂದು ಗುರುತು ಹಾಕಿ. ಮೂರನೆಯವಳು ಆ ಗುರುತನ್ನು ತುಳಿದ ಕ್ಷಣವೇ ಇವಳು ಹೊರಡಬೇಕು. ಹೊರಟ ಮೇಲೆ ಹಿಂದಕ್ಕೆ ನೋಡುವಂತಿಲ್ಲ. ಕೊಡುವವಳು ಒಂದು ಕೂಗು ಹಾಕಿದಾಗ ಎಡಗೈ ಹಿಂದಕ್ಕೆ ಹೋಗಬೇಕು. ಎಡಗೈ ಏಕೆಂದರೆ ಬ್ಯಾಟನ್ ಬಲ, ಎಡ, ಬಲ, ಎಡ ಎಂದು ಕೈ ಬದಲಾಯಿಸುತ್ತಾ ಬರುತ್ತದೆ, ಯಾರೂ ಓಡುವಾಗ ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿಕೊಳ್ಳುವುದಿಲ್ಲ. ಮೂರನೆಯವಳು ಮುಟ್ಟಲಾಗದೆ ಹಿಂದುಳಿದರೆ ಗುರುತನ್ನು ಎರಡು ಪಾದ ಹತ್ತಿರಕ್ಕೆ ತನ್ನಿ. ಬಂದು ಬೆನ್ನಿಗೆ ಗುದ್ದಿದರೆ ಎರಡು ಪಾದ ದೂರ ಮಾಡಿ. ಇಬ್ಬರೂ ಪೂರ್ತಿ ವೇಗದಲ್ಲಿ ಓಡಿದಾಗ ಮಾತ್ರ ಈ ಗುರುತಿಗೆ ಅರ್ಥ, ಅರ್ಧ ವೇಗದಲ್ಲಿ ಅಭ್ಯಾಸ ಮಾಡಿದರೆ ಕೂಟದ ದಿನ ಎಲ್ಲವೂ ತಪ್ಪುತ್ತದೆ.

ಬ್ಯಾಟನ್ ಇಲ್ಲದಿದ್ದರೆ ಒಂದಡಿ ಉದ್ದದ ಹಗುರವಾದ ಪ್ಲಾಸ್ಟಿಕ್ ಪೈಪ್ ಸಾಕು, ಎರಡೂ ತುದಿಯನ್ನು ಉಜ್ಜಿ ನುಣುಪು ಮಾಡಿಸಿ. ತಾಲ್ಲೂಕು ಕೂಟದ ದಿನಾಂಕ ಗೊತ್ತಾದಾಗ ಇಲ್ಲಿ ಬರೆಯಿರಿ. ಅಷ್ಟರೊಳಗೆ ಗುರುತು ಎಷ್ಟು ಪಾದಕ್ಕೆ ಬಂದು ನಿಂತಿತು ಎಂಬುದನ್ನೂ ತಿಳಿಸಿ. ಮೂರನೆಯ ಹುಡುಗಿ ಅವಳಿಗಿಂತ ವೇಗದವಳೋ ನಿಧಾನದವಳೋ ಎಂದು ಗೊತ್ತಾದರೆ ಇನ್ನಷ್ಟು ಹೇಳಬಹುದು.